ಜಿಎಸ್‌ಟಿ ನಂಬರಿದ್ದವರೆಲ್ಲ ಕಂಪನಿಯಲ್ಲ: ಒಂದು ಟ್ರಾವೆಲ್ಸ್ ಬಿಲ್ಲಿಂಗ್ ತಂತ್ರಾಂಶದ ದುರಸ್ತಿ

2025ರ ಆಷಾಢದಲ್ಲಿ ಮೈಸೂರಿನ ಲಷ್ಕರ್ ಮೊಹಲ್ಲಾದ ಒಂದು ಟ್ರಾವೆಲ್ಸ್ ಕಚೇರಿಯ ಬಿಲ್ಲಿಂಗ್ ತಂತ್ರಾಂಶವನ್ನು ಸರಿಪಡಿಸುವ ಕೆಲಸ ನನ್ನ ಪಾಲಿಗೆ ಬಂತು. ಆಷಾಢದಲ್ಲಿ ಮದುವೆಗಳಿರುವುದಿಲ್ಲ, ಶುಕ್ರವಾರಗಳಂದು ಚಾಮುಂಡಿ ಬೆಟ್ಟಕ್ಕೆ ಹೋಗುವವರ ಬಾಡಿಗೆಯನ್ನು ಬಿಟ್ಟರೆ ಗಾಡಿಗಳಿಗೆ ಬಿಡುವೇ ಹೆಚ್ಚು. ದಸರೆಯ ಗದ್ದಲ ಶುರುವಾಗುವುದರೊಳಗೆ ಮುಗಿಸಿಕೊಡಬೇಕೆಂಬುದು ಮಾಲೀಕರ ಷರತ್ತಾಗಿತ್ತು. ಅವರದು ಹದಿನೆಂಟು ಗಾಡಿಗಳ ವ್ಯವಹಾರ. ಒಂದಷ್ಟು ಗಾಡಿಗಳು ಹೆಬ್ಬಾಳು ಮತ್ತು ನಂಜನಗೂಡು ಕೈಗಾರಿಕಾ ಪ್ರದೇಶಗಳ ಕಂಪನಿಗಳಿಗೆ ತಿಂಗಳ ಬಾಡಿಗೆಯ ಮೇಲೆ ಓಡುತ್ತವೆ. ಉಳಿದವು ಊಟಿ, ಮಡಿಕೇರಿ, ವಯನಾಡಿನ ಪ್ರವಾಸಗಳಿಗೂ ಬೆಂಗಳೂರು ವಿಮಾನ ನಿಲ್ದಾಣದ ಡ್ರಾಪ್‌ಗಳಿಗೂ ಹೋಗುತ್ತವೆ. ಮಾಲೀಕರು ಸ್ವಂತ ಹೆಸರಿನಲ್ಲಿ, ಅಂದರೆ ಪ್ರೊಪ್ರೈಟರ್ ಆಗಿ ವ್ಯವಹಾರ ನಡೆಸುತ್ತಾರೆ, ಮತ್ತು ಇಂಧನವೂ ಸೇರಿದ ಬಾಡಿಗೆಗೆ ಶೇಕಡಾ 5ರ ದರವನ್ನು ಆರಿಸಿಕೊಂಡಿದ್ದಾರೆ. ಇವೆರಡೂ ಮುಂದಿನ ಕಥೆಗೆ ಬೇಕಾದ ಸಂಗತಿಗಳು.

ತಂತ್ರಾಂಶವು 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದ ಹೊಸದರಲ್ಲಿ ಯಾರೋ ವಿದ್ಯಾರ್ಥಿ ಪಿಎಚ್‌ಪಿ ಮತ್ತು ಮೈಎಸ್‌ಕ್ಯುಎಲ್ ಬಳಸಿ ಬರೆದುಕೊಟ್ಟದ್ದು. ಬರೆದವರ ಕೈ ಅಚ್ಚುಕಟ್ಟಾಗಿಯೇ ಇತ್ತು. ಟ್ರಿಪ್ ಶೀಟಿನಿಂದ ಕಿಲೋಮೀಟರು ಎತ್ತಿಕೊಂಡು ಬಾಡಿಗೆ ಲೆಕ್ಕ ಹಾಕುವ ಭಾಗವನ್ನು ನಾನು ಮುಟ್ಟುವ ಅಗತ್ಯವೇ ಬೀಳಲಿಲ್ಲ. 2019ರ ಅಕ್ಟೋಬರ್ 1ರಿಂದ ಬಾಡಿಗೆ ವಾಹನಗಳಿಗೆ ರಿವರ್ಸ್ ಚಾರ್ಜ್, ಅಂದರೆ ಬಿಲ್ಲು ಕೊಡುವವರ ಬದಲು ಗ್ರಾಹಕರೇ ಸರ್ಕಾರಕ್ಕೆ ತೆರಿಗೆ ಕಟ್ಟುವ ಕ್ರಮ, ಬಂದಾಗ ಇನ್ಯಾರೋ ಬಂದು ಒಂದೇ ಒಂದು ಷರತ್ತನ್ನು ಸೇರಿಸಿ ಹೋಗಿದ್ದರು. ಆ ಷರತ್ತಿನ ಸಾರ ಇಷ್ಟು: ಗ್ರಾಹಕರ ವಿವರದಲ್ಲಿ ಜಿಎಸ್‌ಟಿ ನಂಬರಿನ ಜಾಗ ಖಾಲಿ ಇದ್ದರೆ ಅವರು ಖಾಸಗಿ ವ್ಯಕ್ತಿ, ಶೇಕಡಾ 5 ತೆರಿಗೆ ಹಾಕು, ನಂಬರು ತುಂಬಿದ್ದರೆ ಅವರು ಕಂಪನಿ, ತೆರಿಗೆ ಹಾಕದೆ ‘ರಿವರ್ಸ್ ಚಾರ್ಜ್’ ಎಂದು ಮುದ್ರಿಸು. ಆರು ವರ್ಷ ಈ ಒಂದು ಸಾಲಿನ ಮೇಲೆ ಇಡೀ ಕಚೇರಿಯ ತೆರಿಗೆ ನಿಂತಿತ್ತು.

ಆ ಸಾಲು ಎಲ್ಲಿ ತಪ್ಪಿದೆ ಎಂಬುದನ್ನು ಆಡಿಟರ್ ಮೊದಲ ಭೇಟಿಯಲ್ಲಿಯೇ ಎರಡು ಬಿಲ್ಲುಗಳನ್ನು ಮೇಜಿನ ಮೇಲಿಟ್ಟು ತೋರಿಸಿದರು. ಮೊದಲನೆಯದು ಕಟ್ಟಡ ಗುತ್ತಿಗೆ ಮಾಡುವ ಒಂದು ಪಾಲುದಾರಿಕೆ ಸಂಸ್ಥೆಗೆ ಕೊಟ್ಟದ್ದು. ತಿಂಗಳಿಗೆ 55,000 ರೂಪಾಯಿಗೆ ಒಂದು ಇನೋವಾ. ಅವರಿಗೆ ಜಿಎಸ್‌ಟಿ ನಂಬರು ಇದ್ದುದರಿಂದ ತಂತ್ರಾಂಶ ಅವರನ್ನು ಕಂಪನಿ ಎಂದು ಭಾವಿಸಿ ತೆರಿಗೆಯನ್ನೇ ಹಾಕಿರಲಿಲ್ಲ. ಆದರೆ ಬಾಡಿಗೆ ವಾಹನದ ರಿವರ್ಸ್ ಚಾರ್ಜ್ ಅನ್ವಯಿಸುವುದು ‘ಬಾಡಿ ಕಾರ್ಪೊರೇಟ್’ (ಕಂಪನಿಯಂಥ ನಿಗಮಿತ ಸಂಸ್ಥೆ) ಆಗಿರುವ ಗ್ರಾಹಕರಿಗೆ ಮಾತ್ರ. ಆ ಪದಕ್ಕೆ ಜಿಎಸ್‌ಟಿ ಅಧಿಸೂಚನೆಯು 2013ರ ಕಂಪನಿ ಕಾಯ್ದೆಯ ಅರ್ಥವನ್ನೇ ಎರವಲು ಪಡೆದಿದೆ. ಸಾಮಾನ್ಯ ಪಾಲುದಾರಿಕೆ ಸಂಸ್ಥೆ ಆ ಅರ್ಥದೊಳಗೆ ಬರುವುದಿಲ್ಲ. ಪ್ರೊಪ್ರೈಟರ್ ಅಂಗಡಿಯೂ ಬರುವುದಿಲ್ಲ. ಸಹಕಾರ ಸಂಘಗಳನ್ನಂತೂ ಕಂಪನಿ ಕಾಯ್ದೆಯ ವ್ಯಾಖ್ಯೆಯೇ ಸ್ಪಷ್ಟವಾಗಿ ಹೊರಗಿಟ್ಟಿದೆ. ಅಂದರೆ ತಿಂಗಳಿಗೆ 2,750 ರೂಪಾಯಿ, ವರ್ಷಕ್ಕೆ 33,000 ರೂಪಾಯಿ ತೆರಿಗೆಯನ್ನು ನಮ್ಮ ಮಾಲೀಕರು ವಸೂಲು ಮಾಡಿ ಕಟ್ಟಬೇಕಾಗಿತ್ತು, ಮತ್ತು ಕಟ್ಟಿರಲಿಲ್ಲ.

ಎರಡನೆಯ ಬಿಲ್ಲು ತಿರುಗುಮುರುಗಾದದ್ದು. ಕುವೆಂಪುನಗರದ ಒಂದು ಪುಟ್ಟ ಪ್ರೈವೇಟ್ ಲಿಮಿಟೆಡ್ ಕಂಪನಿ. ವಹಿವಾಟು 20 ಲಕ್ಷ ದಾಟದ ಕಾರಣ ಜಿಎಸ್‌ಟಿ ನೋಂದಣಿ ಮಾಡಿಸಿರಲಿಲ್ಲ. ನಂಬರು ಇಲ್ಲದ್ದರಿಂದ ತಂತ್ರಾಂಶದ ಕಣ್ಣಿಗೆ ಅದು ಖಾಸಗಿ ವ್ಯಕ್ತಿ; ಶೇಕಡಾ 5 ತೆರಿಗೆ ಹಾಕಿ ಬಿಲ್ಲು ಕೊಟ್ಟಿತ್ತು. ಆದರೆ ರಿವರ್ಸ್ ಚಾರ್ಜಿನ ಅಧಿಸೂಚನೆ ಕೇಳುವುದು ಗ್ರಾಹಕ ಬಾಡಿ ಕಾರ್ಪೊರೇಟ್ ಹೌದೇ ಎಂದು. ನೋಂದಣಿ ಇದೆಯೇ ಎಂದಲ್ಲ. ರಿವರ್ಸ್ ಚಾರ್ಜಿನಲ್ಲಿ ತೆರಿಗೆ ಕಟ್ಟಬೇಕಾದವರು ವಹಿವಾಟು ಎಷ್ಟೇ ಇರಲಿ ನೋಂದಣಿ ಮಾಡಿಸಲೇಬೇಕೆಂದು ಕೇಂದ್ರ ಜಿಎಸ್‌ಟಿ ಕಾಯ್ದೆಯ 24ನೇ ಕಲಂ ಹೇಳುತ್ತದೆ. ಆ ಕಂಪನಿಯವರಿಗೆ ಇದು ಹೊಸ ವಿಷಯವಾಗಿತ್ತು. ಅದು ಅವರಿಗೂ ಅವರ ಆಡಿಟರಿಗೂ ಬಿಟ್ಟ ಮಾತು.

ಈ ಎರಡು ಬಿಲ್ಲುಗಳನ್ನು ಅಕ್ಕಪಕ್ಕ ಇಟ್ಟು ನೋಡಿದ ಮೇಲೆ, ಹಳೆಯ ಷರತ್ತಿಗೆ ಇನ್ನೊಂದು ಷರತ್ತನ್ನು ಪೋಣಿಸಿ ಕೈತೊಳೆದುಕೊಳ್ಳುವ ಯೋಚನೆಯನ್ನು ಬಿಟ್ಟೆ. ‘ಇವರು ವ್ಯಕ್ತಿಯೋ ಕಂಪನಿಯೋ’ ಎಂದು ನಾವು ಒಂದೇ ಉಸಿರಿನಲ್ಲಿ ಕೇಳುವ ಪ್ರಶ್ನೆಯೊಳಗೆ ಹಲವು ಬೇರೆ ಬೇರೆ ಪ್ರಶ್ನೆಗಳಿವೆ. ಕಾನೂನಿನ ದೃಷ್ಟಿಯಲ್ಲಿ ಗ್ರಾಹಕನ ಸ್ವರೂಪ ಏನು ಎಂಬುದು ಒಂದು. ಜಿಎಸ್‌ಟಿಯಲ್ಲಿ ನೋಂದಾಯಿತನೇ ಎಂಬುದು ಇನ್ನೊಂದು. ಯಾವ ರಾಜ್ಯದವನು ಎಂಬುದು ಮತ್ತೊಂದು. ಇವುಗಳಲ್ಲಿ ಒಂದರ ಉತ್ತರದಿಂದ ಮತ್ತೊಂದನ್ನು ಊಹಿಸಿದ್ದೇ ಹಳೆಯ ತಂತ್ರಾಂಶದ ದೋಷ.

ಗ್ರಾಹಕರ ಟೇಬಲ್ಲಿಗೆ ಮೊದಲು ‘ಸ್ವರೂಪ’ ಎಂಬ ಹೊಸ ಕಾಲಂ ಸೇರಿಸಿದೆ. ವ್ಯಕ್ತಿ, ಪ್ರೊಪ್ರೈಟರ್, ಹಿಂದೂ ಅವಿಭಕ್ತ ಕುಟುಂಬ, ಪಾಲುದಾರಿಕೆ ಸಂಸ್ಥೆ, ಎಲ್‌ಎಲ್‌ಪಿ (ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ), ಕಂಪನಿ, ಟ್ರಸ್ಟ್, ಸಹಕಾರ ಸಂಘ, ಸರ್ಕಾರಿ ಇಲಾಖೆ, ಇತರೆ ಎಂದು ಆಯ್ಕೆಗಳು. ಇದರ ಪಕ್ಕದಲ್ಲಿ ‘ತೀರ್ಮಾನವಾಗಿಲ್ಲ’ ಎಂಬ ಒಂದು ಆಯ್ಕೆಯನ್ನೂ ಬೇಕೆಂದೇ ಇಟ್ಟೆ, ಮತ್ತು ಹಳೆಯ ಗ್ರಾಹಕರೆಲ್ಲರನ್ನೂ ಮೊದಲು ಅದರೊಳಗೇ ಹಾಕಿದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬರೆದಿಡಲು ಜಾಗವಿಲ್ಲದ ತಂತ್ರಾಂಶ ಏನಾದರೊಂದನ್ನು ಊಹಿಸಿಯೇ ತೀರುತ್ತದೆ.

ನಾನೂರಕ್ಕೂ ಹೆಚ್ಚು ಗ್ರಾಹಕರ ಸ್ವರೂಪವನ್ನು ಕೈಯಿಂದ ತುಂಬುವುದು ಬಿಲ್ಲಿಂಗ್ ನೋಡಿಕೊಳ್ಳುವ ಮೇಡಂ ಅವರಿಗೆ ವಾರದ ಕೆಲಸ. ಆದಷ್ಟನ್ನು ತಾನಾಗಿ ತುಂಬಿಸಲು ಪ್ಯಾನ್ ನೆರವಿಗೆ ಬರುತ್ತದೆ. ಹದಿನೈದು ಅಕ್ಷರಗಳ ಜಿಎಸ್‌ಟಿ ನಂಬರಿನಲ್ಲಿ ಮೊದಲ ಎರಡು ರಾಜ್ಯದ ಸಂಕೇತ, ಕರ್ನಾಟಕಕ್ಕೆ 29. ಮುಂದಿನ ಹತ್ತು ಅಕ್ಷರಗಳೇ ಪ್ಯಾನ್. ಪ್ಯಾನಿನ ನಾಲ್ಕನೆಯ ಅಕ್ಷರ ಪಿ ಆಗಿದ್ದರೆ ವ್ಯಕ್ತಿ, ಸಿ ಆಗಿದ್ದರೆ ಕಂಪನಿ, ಎಫ್ ಆಗಿದ್ದರೆ ಪಾಲುದಾರಿಕೆ ಸಂಸ್ಥೆ, ಎಚ್ ಆಗಿದ್ದರೆ ಅವಿಭಕ್ತ ಕುಟುಂಬ, ಟಿ ಆಗಿದ್ದರೆ ಟ್ರಸ್ಟ್, ಜಿ ಆಗಿದ್ದರೆ ಸರ್ಕಾರ. ಹೀಗಾಗಿ ಜಿಎಸ್‌ಟಿ ನಂಬರಿನ ಆರನೆಯ ಅಕ್ಷರವನ್ನು ಓದಿದರೆ ಬಹುಪಾಲು ಗ್ರಾಹಕರ ಸ್ವರೂಪ ಸಿಕ್ಕಿಬಿಡುತ್ತದೆ.

ಇಲ್ಲಿ ನಾನೇ ಒಂದು ಎಡವಟ್ಟು ಮಾಡಿದೆ. ಪಿಎಚ್‌ಪಿಯಲ್ಲಿ ಅಕ್ಷರಗಳ ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆಂಬುದು ಹದಿನೈದು ವರ್ಷಗಳಿಂದ ಗೊತ್ತಿದ್ದರೂ, ಆ ಸಂಜೆ ಆರನೆಯ ಅಕ್ಷರಕ್ಕೆ 5 ಎಂದು ಬರೆಯುವ ಬದಲು 6 ಎಂದು ಬರೆದೆ. ಅದು ಓದಿದ್ದು ಪ್ಯಾನಿನ ಐದನೆಯ ಅಕ್ಷರವನ್ನು. ಐದನೆಯ ಅಕ್ಷರವೆಂದರೆ ವ್ಯಕ್ತಿಗಳ ವಿಷಯದಲ್ಲಿ ಉಪನಾಮದ ಮೊದಲಕ್ಷರ, ಸಂಸ್ಥೆಗಳ ವಿಷಯದಲ್ಲಿ ಸಂಸ್ಥೆಯ ಹೆಸರಿನ ಮೊದಲಕ್ಷರ. ಬೇರೆ ಊರಿನಲ್ಲಾಗಿದ್ದರೆ ತಪ್ಪು ಬೇಗ ಕಣ್ಣಿಗೆ ಬೀಳುತ್ತಿತ್ತೋ ಏನೋ. ಮೈಸೂರಿನಲ್ಲಿ ಚಾಮುಂಡೇಶ್ವರಿಯ ಹೆಸರು ಹೊತ್ತ ವ್ಯವಹಾರಗಳಿಗೆ ಬರವಿಲ್ಲ. ಆ ಹೆಸರಿನ ಪಾಲುದಾರಿಕೆ ಸಂಸ್ಥೆಗಳೆಲ್ಲ ಇಂಗ್ಲಿಷಿನ ಸಿ ಅಕ್ಷರದಿಂದ ಶುರುವಾಗುವುದರಿಂದ ಒಂದೇ ಏಟಿಗೆ ಕಂಪನಿಗಳಾಗಿ ಬದಲಾಗಿದ್ದವು, ಮತ್ತು ಪಟ್ಟಿಯಲ್ಲಿ ಅಷ್ಟೊಂದು ಕಂಪನಿಗಳನ್ನು ನೋಡಿ ನಾನು ಖುಷಿಪಟ್ಟಿದ್ದೆ. ಮರುದಿನ ಮೇಡಂ ಪಟ್ಟಿಯ ಮೇಲೆ ಕಣ್ಣಾಡಿಸಿ, ‘ಸರ್, ಈ ಟಯರ್ ಅಂಗಡಿಯವರು ಅಣ್ಣ ತಮ್ಮ ಇಬ್ಬರೇ ಪಾರ್ಟ್ನರ್ಸು, ಇವರು ಯಾವಾಗ ಕಂಪನಿ ಆದ್ರು?’ ಎಂದು ಕೇಳಿದಾಗ ತಪ್ಪು ತಿಳಿಯಿತು.

ಅಂಕಿ ಸರಿಪಡಿಸಿದ ಮೇಲೂ ಪ್ಯಾನಿನ ಅಕ್ಷರವನ್ನು ಪೂರ್ತಿಯಾಗಿ ನಂಬುವಂತಿಲ್ಲ ಎಂಬುದು ಆಡಿಟರ್ ಜೊತೆ ಕುಳಿತಾಗ ಸ್ಪಷ್ಟವಾಯಿತು. ಎಫ್ ಅಕ್ಷರದಡಿ ಎಲ್‌ಎಲ್‌ಪಿಗಳೂ ಬರುತ್ತವೆ. ಎಲ್‌ಎಲ್‌ಪಿಯನ್ನು ಅದರದೇ ಕಾಯ್ದೆ ಬಾಡಿ ಕಾರ್ಪೊರೇಟ್ ಎಂದು ಕರೆಯುತ್ತದೆ. ರಿವರ್ಸ್ ಚಾರ್ಜಿನ ಅಧಿಸೂಚನೆಯ ವಿವರಣೆ ಅದನ್ನು ಪಾಲುದಾರಿಕೆ ಸಂಸ್ಥೆಯಾಗಿಯೂ ಪರಿಗಣಿಸಬೇಕೆಂದು ಹೇಳುತ್ತದೆ. ಇಂತಹ ಕಡೆ ತೀರ್ಪು ಕೊಡುವುದು ಪ್ರೋಗ್ರಾಮರನ ಕೆಲಸವಲ್ಲ. ಆದ್ದರಿಂದ ಪ್ಯಾನಿನಿಂದ ಬಂದದ್ದನ್ನು ತಂತ್ರಾಂಶ ‘ಸೂಚನೆ’ಯಾಗಿ ಮಾತ್ರ ತೋರಿಸುತ್ತದೆ, ಯಾರಾದರೊಬ್ಬರು ಒಪ್ಪಿಗೆಯ ಗುಂಡಿ ಒತ್ತಿದ ಮೇಲೆಯೇ ಅದು ಸ್ವರೂಪದ ಕಾಲಮ್ಮಿಗೆ ಇಳಿಯುತ್ತದೆ. ‘ಬಾಡಿ ಕಾರ್ಪೊರೇಟ್ ಹೌದು ಅಥವಾ ಅಲ್ಲ’ ಎಂಬುದನ್ನು ಸ್ವರೂಪದಿಂದ ಲೆಕ್ಕ ಹಾಕಿಸದೆ ಪ್ರತ್ಯೇಕ ಕಾಲಂ ಆಗಿಯೇ ಇಟ್ಟು, ಅದನ್ನು ತುಂಬುವ ಅಧಿಕಾರವನ್ನು ಆಡಿಟರ್ ಲಾಗಿನ್ನಿಗೆ ಮಾತ್ರ ಕೊಟ್ಟೆ.

ಜಿಎಸ್‌ಟಿ ನಂಬರಿನ ಕೊನೆಯ ಅಕ್ಷರ ತಾಳೆ ನೋಡುವುದಕ್ಕೆಂದೇ ಇರುವುದು. ಹಳೆಯ ತಂತ್ರಾಂಶ ಅದನ್ನು ಬಳಸಿಕೊಂಡಿರಲಿಲ್ಲ. ಲೆಕ್ಕ ಕಷ್ಟದ್ದೇನಲ್ಲ. ಅಂಕಿಗಳಿಗೆ 0ಯಿಂದ 9, ಅಕ್ಷರಗಳಿಗೆ 10ರಿಂದ 35 ಬೆಲೆ ಕೊಟ್ಟು, ಮೊದಲ ಹದಿನಾಲ್ಕನ್ನು ಕ್ರಮವಾಗಿ 1, 2, 1, 2 ಎಂದು ಗುಣಿಸುತ್ತಾ ಹೋಗಬೇಕು. ಪ್ರತಿ ಗುಣಲಬ್ಧವನ್ನು 36ರಿಂದ ಭಾಗಿಸಿ ಭಾಗಲಬ್ಧ ಮತ್ತು ಶೇಷ ಎರಡನ್ನೂ ಮೊತ್ತಕ್ಕೆ ಸೇರಿಸಬೇಕು. ಕೊನೆಗೆ ಮೊತ್ತವನ್ನು 36ರಿಂದ ಭಾಗಿಸಿ ಉಳಿದ ಶೇಷವನ್ನು 36ರಿಂದ ಕಳೆದರೆ ಹದಿನೈದನೆಯ ಅಕ್ಷರದ ಬೆಲೆ ಬರುತ್ತದೆ, ಶೇಷ ಸೊನ್ನೆಯಾಗಿದ್ದರೆ ಸೊನ್ನೆಯೇ. ಈ ಪರೀಕ್ಷೆಯನ್ನು ಹಳೆಯ ಗ್ರಾಹಕರ ಮೇಲೆ ಓಡಿಸಿದಾಗ ಹನ್ನೊಂದು ನಂಬರುಗಳು ತಾಳೆಯಾಗಲಿಲ್ಲ. ಅವುಗಳಲ್ಲಿ ಹೆಚ್ಚಿನವು ಸೊನ್ನೆಯ ಜಾಗದಲ್ಲಿ ಇಂಗ್ಲಿಷಿನ ಓ ಅಕ್ಷರವನ್ನು ಹೊಡೆದಿದ್ದವು.

ಸ್ವರೂಪದ ನಂತರದ ತೊಡಕು ಸೇವೆಯ ಬಗೆಯದು, ಮತ್ತು ನಾನು ನಿರೀಕ್ಷಿಸದಿದ್ದದ್ದು ಇದೇ. ಒಂದೇ ಕಂಪನಿಗೆ ತಿಂಗಳ ಬಾಡಿಗೆಯ ಗಾಡಿಯೂ ಹೋಗುತ್ತದೆ. ಅದೇ ಕಂಪನಿಯ ಅಧಿಕಾರಿಯನ್ನು ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಬಿಟ್ಟು ಬರುವ ಬಾಡಿಗೆಯೂ ಇರುತ್ತದೆ. 2022ರ ಆಗಸ್ಟ್ 3ರ ಸುತ್ತೋಲೆಯೊಂದು ಇವೆರಡನ್ನು ಬೇರ್ಪಡಿಸಿದೆ. ಬಾಡಿ ಕಾರ್ಪೊರೇಟ್ ಸಂಸ್ಥೆಯು ಒಂದು ಅವಧಿಗೆಂದು ವಾಹನವನ್ನು ಪಡೆದು ಅದು ಯಾವಾಗ, ಹೇಗೆ ಓಡಬೇಕೆಂಬುದನ್ನು ತಾನೇ ನಿರ್ಧರಿಸುತ್ತಿದ್ದರೆ ಅದು ವಾಹನದ ಬಾಡಿಗೆ, ರಿವರ್ಸ್ ಚಾರ್ಜ್ ಅನ್ವಯಿಸುತ್ತದೆ. ಅವಧಿಗೆ ಗಾಡಿ ಹಿಡಿಯದೆ ನಿರ್ದಿಷ್ಟ ಪ್ರಯಾಣವೊಂದಕ್ಕೆ ಮಾತ್ರ ಸೇವೆ ಪಡೆದಿದ್ದರೆ ಅದು ಜಿಎಸ್‌ಟಿಯ ಸೇವೆಗಳ ಪಟ್ಟಿಯ 9964ನೇ ಶೀರ್ಷಿಕೆಯ ಪ್ರಯಾಣಿಕರ ಸಾರಿಗೆ. ಅದರ ತೆರಿಗೆಯನ್ನು ಕಂಪನಿ ರಿವರ್ಸ್ ಚಾರ್ಜಿನಲ್ಲಿ ಕಟ್ಟಬೇಕಾಗಿಲ್ಲ, ನಾವೇ ಬಿಲ್ಲಿನಲ್ಲಿ ಹಾಕಬೇಕು. ಹೀಗಾಗಿ ತೆರಿಗೆಯ ನಿಯಮವನ್ನು ಗ್ರಾಹಕರ ಹೆಸರಿಗೆ ಕಟ್ಟಿಹಾಕುವಂತಿಲ್ಲ. ಬಿಲ್ಲಿನ ಪ್ರತಿ ಸಾಲಿಗೂ ನಿಯಮ ಬೇರೆಯಾಗಬಹುದು.

ಟ್ರಿಪ್ ಶೀಟಿನಲ್ಲಿ ‘ಅವಧಿ ಬಾಡಿಗೆ’, ‘ಪ್ರಯಾಣ’ ಎಂಬ ಎರಡು ಆಯ್ಕೆ ಸೇರಿಸಿದೆ. ಅವೆರಡೂ ಒಂದೇ ಬಿಲ್ಲಿನಲ್ಲಿ ಬಂದರೆ ತಂತ್ರಾಂಶ ತಾನಾಗಿಯೇ ಬಿಲ್ಲನ್ನು ಎರಡಾಗಿ ಒಡೆಯುತ್ತದೆ. ರಿವರ್ಸ್ ಚಾರ್ಜ್ ಸಾಲುಗಳನ್ನೂ ಸಾಧಾರಣ ಸಾಲುಗಳನ್ನೂ ಒಂದೇ ಕಾಗದದಲ್ಲಿ ಬೆರೆಸಿದರೆ ಮಾರಾಟದ ಮಾಸಿಕ ರಿಟರ್ನ್ ಆದ ಜಿಎಸ್‌ಟಿಆರ್-1 ತುಂಬುವಾಗ ಒಂದು 4ಎ ಕೋಷ್ಟಕಕ್ಕೂ ಇನ್ನೊಂದು 4ಬಿಗೂ ಹೋಗಬೇಕು. ತಿಂಗಳ ಹನ್ನೊಂದನೆಯ ತಾರೀಖಿನ ಗಡುವಿನ ದಿನ ಆ ಗೋಜಲನ್ನು ಬಿಡಿಸಲು ಯಾರಿಗೂ ತಾಳ್ಮೆಯಿರುವುದಿಲ್ಲ.

ಒಡೆದ ಬಿಲ್ಲುಗಳಿಗೆ ಬೇರೆ ಸರಣಿಯ ಸಂಖ್ಯೆ ಕೊಡಲು ಹೋದಾಗ ಇನ್ನೊಂದು ಹಳೆಯ ತಪ್ಪು ಸಿಕ್ಕಿತು. ನಿಯಮಾವಳಿಯ 46ನೇ ನಿಯಮದಂತೆ ಬಿಲ್ಲಿನ ಸಂಖ್ಯೆ ಹದಿನಾರು ಅಕ್ಷರ ಮೀರುವಂತಿಲ್ಲ. ಊರಿನ ಸಂಕೇತ, ಪೂರ್ತಿ ಹಣಕಾಸು ವರ್ಷ, ಬಿಲ್ಲಿನ ಬಗೆ, ಐದಂಕಿಯ ಕ್ರಮಸಂಖ್ಯೆ, ನಡುವೆ ಓರೆಗೆರೆಗಳು ಎಲ್ಲ ಸೇರಿ ಹಳೆಯ ಸಂಖ್ಯೆ ಇಪ್ಪತ್ತೊಂದು ಅಕ್ಷರ ಉದ್ದವಿತ್ತು. ರಿಟರ್ನ್ ತುಂಬುವಾಗ ಮೇಡಂ ಪ್ರತಿ ತಿಂಗಳೂ ಅದನ್ನು ಕೈಯಿಂದ ಕತ್ತರಿಸುತ್ತಿದ್ದರಂತೆ. ಈಗ ಬಗೆಗೆ ಒಂದೇ ಅಕ್ಷರ, ವರ್ಷಕ್ಕೆ 25-26, ಮುಂದೆ ಐದಂಕಿ; ಹದಿಮೂರರಲ್ಲಿ ಮುಗಿಯುತ್ತದೆ.

ಮೂರನೆಯ ಪ್ರಶ್ನೆ ರಾಜ್ಯದ್ದು. ತೆರಿಗೆಯ ಒಟ್ಟು ಶೇಕಡಾ 5 ಎಲ್ಲರಿಗೂ ಒಂದೇ. ಆದರೆ ಅದು ಕೇಂದ್ರ ಮತ್ತು ರಾಜ್ಯಕ್ಕೆ ಎರಡೂವರೆ ಎರಡೂವರೆಯಾಗಿ ಹೋಗಬೇಕೋ ಅಂತರರಾಜ್ಯ ತೆರಿಗೆಯಾದ ಐಜಿಎಸ್‌ಟಿಯಾಗಿ ಹೋಗಬೇಕೋ ಎಂಬುದನ್ನು ‘ಪೂರೈಕೆಯ ಸ್ಥಳ’ ನಿರ್ಧರಿಸುತ್ತದೆ. ಸೇವೆಯ ಬಗೆಗಳೆರಡರಲ್ಲೂ ನೋಂದಾಯಿತ ಗ್ರಾಹಕನಾದರೆ ಅವನ ನೋಂದಣಿಯ ರಾಜ್ಯವೇ ಸ್ಥಳ: ಕೊಯಮತ್ತೂರಿನ ನೋಂದಾಯಿತ ವ್ಯಾಪಾರಿ ಮೈಸೂರಿನಲ್ಲಿ ಗಾಡಿ ಹಿಡಿದರೂ ಸ್ಥಳ ತಮಿಳುನಾಡು, ಸಂಕೇತ 33, ತೆರಿಗೆ ಐಜಿಎಸ್‌ಟಿ. ಕಷ್ಟವಿರುವುದು ನೋಂದಣಿಯಿಲ್ಲದ ಖಾಸಗಿ ಗ್ರಾಹಕರಲ್ಲಿ. ಕೋಳಿಕ್ಕೋಡಿನಿಂದ ಬಂದ ಒಂದು ಕುಟುಂಬ ಎರಡು ದಿನಕ್ಕೆ ಗಾಡಿಯನ್ನು ಬಾಡಿಗೆಗೆ ಹಿಡಿದು ಅರಮನೆ, ಕೆಆರ್‌ಎಸ್, ಶ್ರೀರಂಗಪಟ್ಟಣ ಸುತ್ತಿತು ಎಂದುಕೊಳ್ಳಿ. ಐಜಿಎಸ್‌ಟಿ ಕಾಯ್ದೆಯ 12ನೇ ಕಲಮಿನ ಸಾಮಾನ್ಯ ನಿಯಮದಂತೆ, ಅವರ ವಿಳಾಸ ನಮ್ಮ ದಾಖಲೆಯಲ್ಲಿದ್ದರೆ ಸ್ಥಳ ಕೇರಳ. ವಿಳಾಸವೇ ಇಲ್ಲದಿದ್ದರೆ ಸ್ಥಳ ಪೂರೈಕೆದಾರರ ಊರು, ಅಂದರೆ ಕರ್ನಾಟಕ. ಅದೇ ಕುಟುಂಬ ಮೈಸೂರಿನಿಂದ ಊಟಿಗೆ ಒಂದು ಪ್ರಯಾಣಕ್ಕೆ ಮಾತ್ರ ಗಾಡಿ ಹತ್ತಿದರೆ, ಪ್ರಯಾಣಿಕರ ಸಾರಿಗೆಯ ನಿಯಮದಂತೆ ಅವರು ಹತ್ತಿದ ಊರೇ ಸ್ಥಳ. ವಿಳಾಸ ಎಲ್ಲಿಯದಾದರೇನು, ಕರ್ನಾಟಕವೇ. ಹೀಗೆ ಮೇಡಂ ವಿಳಾಸದ ಜಾಗವನ್ನು ತುಂಬುವುದು ಅಥವಾ ಬಿಡುವುದರ ಮೇಲೆ ತೆರಿಗೆಯ ತಲೆಬರಹವೇ ಬದಲಾಗುತ್ತದೆಂದು ತಿಳಿದಾಗ ಮಾಲೀಕರು, ‘ಹಾಗಾದ್ರೆ ವಿಳಾಸ ಕೇಳೋದೇ ಬೇಡ ಬಿಡಿ ಸ್ವಾಮಿ’ ಎಂದರು. ಆದರೆ ನೋಂದಣಿಯಿಲ್ಲದ ಗ್ರಾಹಕರ ಬಿಲ್ಲು 50,000 ರೂಪಾಯಿ ಮುಟ್ಟಿದರೆ ಹೆಸರು, ವಿಳಾಸ, ರಾಜ್ಯ ಬಿಲ್ಲಿನಲ್ಲಿರಲೇಬೇಕು. ಕೊನೆಗೆ, ಕಾಯ್ದಿರಿಸುವಾಗಲೇ ವಿಳಾಸ ಕೇಳುವುದು, ಕೊಟ್ಟರೆ ಕಡ್ಡಾಯವಾಗಿ ರಾಜ್ಯವನ್ನು ಪಟ್ಟಿಯಿಂದ ಆರಿಸುವುದು ಎಂದು ನಿರ್ಧರಿಸಿದೆವು. ತಪ್ಪು ತಲೆಬರಹದಲ್ಲಿ ಕಟ್ಟಿದರೆ ಸರಿಯಾದದ್ದನ್ನು ಮತ್ತೆ ಕಟ್ಟಿ ಮೊದಲಿನದನ್ನು ಮರುಪಾವತಿಗೆ ಕೇಳಬೇಕಾಗುತ್ತದೆ. ಆ ಅಲೆದಾಟಕ್ಕಿಂತ ವಿಳಾಸ ಕೇಳುವ ಎರಡು ನಿಮಿಷ ಅಗ್ಗ.

ಲೆಕ್ಕದ ಭಾಗವನ್ನು ಬರೆಯುವಾಗ ಒಂದು ಪೈಸೆ ನನ್ನನ್ನು ಅರ್ಧ ದಿನ ಕಾಡಿತು. 3,333 ರೂಪಾಯಿಯ ಬಾಡಿಗೆಗೆ ಶೇಕಡಾ 5 ಎಂದರೆ 166 ರೂಪಾಯಿ 65 ಪೈಸೆ. ಅದನ್ನೇ ಎರಡೂವರೆಯಂತೆ ಎರಡು ಬಾರಿ ಲೆಕ್ಕ ಹಾಕಿದರೆ ಒಂದೊಂದೂ 83 ರೂಪಾಯಿ 32 ಪೈಸೆ, ಮೇಲೆ ಅರ್ಧ. ಮೇಲಕ್ಕೆ ದುಂಡಾಗಿಸಿದರೆ 83.33, ಎರಡೂ ಸೇರಿ 166.66. ಹಳೆಯ ತಂತ್ರಾಂಶ ಒಟ್ಟನ್ನು ಮೊದಲು ಲೆಕ್ಕ ಹಾಕಿ ಅರ್ಧ ಮಾಡುತ್ತಿದ್ದುದರಿಂದ ಕೆಲವು ಬಿಲ್ಲುಗಳಲ್ಲಿ ಕೇಂದ್ರದ ಪಾಲು 83.33, ರಾಜ್ಯದ ಪಾಲು 83.32 ಎಂದು ಬಂದಿತ್ತು. ಎರಡರ ದರವೂ ಒಂದೇ ಆಗಿರುವಾಗ ಮೊತ್ತ ಬೇರೆಯಾಗಲು ಕಾರಣವಿಲ್ಲ. ಈಗ ಪ್ರತಿ ತಲೆಬರಹವನ್ನೂ ಬೇರೆಯಾಗಿ ಲೆಕ್ಕ ಹಾಕಿಸುತ್ತೇನೆ; ಎಲ್ಲ ಮೊತ್ತಗಳನ್ನೂ ಪೈಸೆಯ ಪೂರ್ಣಾಂಕಗಳಾಗಿ ಉಳಿಸುತ್ತೇನೆ; ಬಿಲ್ಲಿನ ಕೊನೆಯ ಮೊತ್ತವನ್ನು ಮಾತ್ರ ರೂಪಾಯಿಗೆ ದುಂಡಾಗಿಸಿ ಆ ವ್ಯತ್ಯಾಸವನ್ನು ಪ್ರತ್ಯೇಕ ಸಾಲಿನಲ್ಲಿ ತೋರಿಸುತ್ತೇನೆ. ಡ್ರೈವರ್ ಬಾಟಾವನ್ನು ಹಳೆಯ ತಂತ್ರಾಂಶ ತೆರಿಗೆಯ ಕೆಳಗೆ ಸೇರಿಸುತ್ತಿತ್ತು. ಅದು ಸೇವೆಗೆ ಸಂಬಂಧಿಸಿದ ಪೂರಕ ಖರ್ಚಾದ್ದರಿಂದ ತೆರಿಗೆಗೆ ಒಳಪಡುವ ಮೌಲ್ಯದೊಳಗೆ ತಂದೆ.

ಬಿಲ್ಲಿನ ಆಚೆ, ವಸೂಲಾತಿಯಲ್ಲಿಯೂ ಖಾಸಗಿ ಮತ್ತು ಸಂಸ್ಥೆಯ ಗ್ರಾಹಕರ ವ್ಯತ್ಯಾಸ ಮುಂದುವರಿಯುತ್ತದೆ. ಮೇಲೆ ಹೇಳಿದ ಗುತ್ತಿಗೆಯ ಸಂಸ್ಥೆ 1961ರ ಆದಾಯ ತೆರಿಗೆ ಕಾಯ್ದೆಯ 194ಸಿ ಕಲಮಿನಂತೆ ಮೂಲದಲ್ಲಿ ತೆರಿಗೆ ಕಡಿತ (ಟಿಡಿಎಸ್) ಮಾಡುತ್ತಿತ್ತು. ಹಣ ಪಡೆಯುವ ನಮ್ಮ ಮಾಲೀಕರು ವ್ಯಕ್ತಿಯಾದ್ದರಿಂದ ದರ ಶೇಕಡಾ 1. ಪಡೆಯುವವರು ಕಂಪನಿಯಾಗಿದ್ದರೆ ಶೇಕಡಾ 2 ಆಗುತ್ತಿತ್ತು. ಬಿಲ್ಲಿನಲ್ಲಿ ಜಿಎಸ್‌ಟಿಯನ್ನು ಬೇರೆಯಾಗಿ ತೋರಿಸಿದ್ದರೆ ಕಡಿತ ಅದನ್ನು ಬಿಟ್ಟ ಮೊತ್ತದ ಮೇಲೆ ಎಂದು 2017ರ ಜುಲೈ 19ರ ಸುತ್ತೋಲೆ ಹೇಳಿದೆ. ಅಂದರೆ 57,750 ರೂಪಾಯಿಯ ಸರಿಯಾದ ಬಿಲ್ಲಿಗೆ ಕಡಿತ 550, ಕೈಗೆ ಬರುವುದು 57,200. ಮನೆಯ ಮದುವೆಗೆ ಗಾಡಿ ಹಿಡಿದ ಗ್ರಾಹಕ ಎಷ್ಟೇ ದೊಡ್ಡ ಬಿಲ್ಲಾದರೂ ಈ ಕಲಮಿನಡಿ ಕಡಿತ ಮಾಡಬೇಕಾಗಿರಲಿಲ್ಲ, ಏಕೆಂದರೆ ವೈಯಕ್ತಿಕ ಉದ್ದೇಶದ ಪಾವತಿಯನ್ನು ಕಾಯ್ದೆಯೇ ಹೊರಗಿಟ್ಟಿತ್ತು.

ಹಳೆಯ ತಂತ್ರಾಂಶದಲ್ಲಿ ಈ 550ಕ್ಕೆ ಎಲ್ಲಿಯೂ ಜಾಗವಿರಲಿಲ್ಲ. ಪ್ರತಿ ಕಂಪನಿಯ ಖಾತೆಯಲ್ಲಿ ತಿಂಗಳು ತಿಂಗಳೂ ಸಣ್ಣ ಬಾಕಿಗಳು ಉಳಿಯುತ್ತಾ ಬಂದಿದ್ದವು, ಮತ್ತು ಪಟ್ಟಿ ಉದ್ದವಾದಾಗಲೆಲ್ಲ ಮೇಡಂ ಅವನ್ನು ‘ಡಿಸ್ಕೌಂಟ್’ ಎಂದು ನಮೂದಿಸಿ ಮುಗಿಸುತ್ತಿದ್ದರು. ಅವರನ್ನು ದೂರುವಂತಿರಲಿಲ್ಲ, ತಂತ್ರಾಂಶ ಕೊಟ್ಟಿದ್ದ ಬಾಗಿಲು ಅದೊಂದೇ. ಆದರೆ ಆ ಹಣ ಮಾಲೀಕರ ಪ್ಯಾನಿಗೆ ಜಮೆಯಾಗಿ ಆದಾಯ ತೆರಿಗೆ ಇಲಾಖೆಯ ಜಮೆಪಟ್ಟಿಯಾದ ಫಾರಂ 26ಎಎಸ್‌ನಲ್ಲಿ ಕುಳಿತಿದ್ದ ಅವರದೇ ತೆರಿಗೆ. ರಿಯಾಯಿತಿಯೆಂದು ಬರೆದರೆ ಅದನ್ನು ಕೇಳಿ ಪಡೆಯುವ ನೆನಪೇ ಉಳಿಯುವುದಿಲ್ಲ. ಈಗ ರಸೀದಿಯ ಪರದೆಯಲ್ಲಿ ಮೂರು ಮೊತ್ತಗಳಿವೆ: ಕೈಗೆ ಬಂದದ್ದು, ಆದಾಯ ತೆರಿಗೆಯ ಕಡಿತ, ಜಿಎಸ್‌ಟಿಯ ಕಡಿತ. ಮೂರನೆಯದು ಸರ್ಕಾರಿ ಇಲಾಖೆಗಳಿಗಾಗಿ, 2.5 ಲಕ್ಷ ಮೀರಿದ ಗುತ್ತಿಗೆಗೆ ಅವರು ಶೇಕಡಾ 2ರಂತೆ ಜಿಎಸ್‌ಟಿಯನ್ನೂ ಹಿಡಿದುಕೊಳ್ಳುತ್ತಾರೆ. ಈ ಮೂರೂ ಸೇರಿ ಬಿಲ್ಲಿನ ಮೊತ್ತಕ್ಕೆ ಸಮವಾದರೆ ಮಾತ್ರ ಬಾಕಿ ತೀರುತ್ತದೆ.

ನಿಯಮಗಳನ್ನೆಲ್ಲ ಕೋಡಿನಿಂದ ಹೊರತೆಗೆದು ಒಂದು ಟೇಬಲ್ಲಿನಲ್ಲಿಟ್ಟೆ. ಪ್ರತಿ ಸಾಲಿನಲ್ಲಿ ಸೇವೆಯ ಬಗೆ, ಬಾಡಿ ಕಾರ್ಪೊರೇಟ್ ಹೌದೋ ಅಲ್ಲವೋ, ದರ, ರಿವರ್ಸ್ ಚಾರ್ಜ್, ರಿಟರ್ನಿನ ಕೋಷ್ಟಕ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಎಂಬ ವಿವರಗಳಿವೆ. ಬಿಲ್ಲು ತಯಾರಾದ ಕ್ಷಣದಲ್ಲಿ ತಂತ್ರಾಂಶ ಆ ಸಾಲನ್ನೂ ಗ್ರಾಹಕರ ಆ ದಿನದ ಸ್ವರೂಪವನ್ನೂ ಬಿಲ್ಲಿನೊಳಗೇ ನಕಲು ಮಾಡಿಡುತ್ತದೆ. ಹಳೆಯ ಬಿಲ್ಲನ್ನು ಮತ್ತೆ ಮುದ್ರಿಸಿದರೆ ಅಂದಿನ ತೆರಿಗೆಯೇ ಬರಬೇಕು. ಕ್ರೆಡಿಟ್ ನೋಟ್ ಕೊಟ್ಟರೆ ಇಂದಿನ ನಿಯಮವನ್ನು ನೋಡದೆ ಮೂಲ ಬಿಲ್ಲಿನ ನಕಲನ್ನು ನೋಡಬೇಕು. ವರ್ಷದ ನಡುವೆ ಪ್ರೊಪ್ರೈಟರ್ ಒಬ್ಬರು ಪ್ರೈವೇಟ್ ಲಿಮಿಟೆಡ್ ಆದರೆ ಪ್ಯಾನ್ ಬದಲಾಗುತ್ತದೆ, ಅದರೊಡನೆ ಜಿಎಸ್‌ಟಿ ನಂಬರೂ ಬದಲಾಗುತ್ತದೆ. ಅಂಥವರನ್ನು ತಿದ್ದಲು ತಂತ್ರಾಂಶ ಬಿಡುವುದಿಲ್ಲ, ಹೊಸ ಗ್ರಾಹಕರಾಗಿಯೇ ಸೇರಿಸಬೇಕು.

ಪರೀಕ್ಷೆಗೆ ಏಪ್ರಿಲ್‌ನಿಂದ ಜೂನ್‌ವರೆಗಿನ ಬಿಲ್ಲುಗಳನ್ನೆಲ್ಲ ಹೊಸ ನಿಯಮಗಳ ಮೇಲೆ ಓಡಿಸಿ, ಹಳೆಯ ತೆರಿಗೆಯೊಡನೆ ಹೊಂದದವುಗಳ ಪಟ್ಟಿ ತೆಗೆದೆ. ಮೂವತ್ತೇಳು ಬಿಲ್ಲುಗಳು ಹೊರಬಂದವು. ಆಡಿಟರ್ ಒಂದೊಂದನ್ನೂ ಓದಿ ಮೂವತ್ತನಾಲ್ಕು ಹಳೆಯ ತಪ್ಪು, ಮೂರು ನನ್ನ ತಪ್ಪು ಎಂದರು. ನನ್ನ ಮೂರೂ ನೋಂದಣಿಯಿಲ್ಲದ ಗ್ರಾಹಕರ ಪ್ರಯಾಣಗಳು, ಹತ್ತಿದ ಊರಿನ ಬದಲು ವಿಳಾಸವನ್ನು ಹಿಡಿದದ್ದು. ಹಿಂದಿನ ವರ್ಷದ ತಪ್ಪುಗಳನ್ನೂ ಸೇರಿಸಿ ತೆರಿಗೆಯನ್ನು ವರ್ಷಕ್ಕೆ ಶೇಕಡಾ 18ರ ಬಡ್ಡಿಯೊಡನೆ ಕಟ್ಟಬೇಕಾಯಿತು. ಗುತ್ತಿಗೆಯ ಸಂಸ್ಥೆಯವರು ಬಾಕಿ ತೆರಿಗೆಯನ್ನು ಕೊಡಲು ಒಪ್ಪಿದರು, ಆದರೆ ಗೊಣಗುತ್ತಾ. ಹದಿಮೂರು ಸೀಟಿನವರೆಗಿನ ವಾಹನದ ಬಾಡಿಗೆಯ ತೆರಿಗೆ ಅವರಂಥವರಿಗೆ ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳಲು, ಸಿಗುವುದಿಲ್ಲವಾದ್ದರಿಂದ ಅದು ಅವರ ಕಿಸೆಯಿಂದಲೇ ಹೋಗುವ ಹಣ. ಬಡ್ಡಿಯನ್ನು ಮಾಲೀಕರು ಭರಿಸಿದರು.

ಆಷಾಢ ಮುಗಿಯುವುದರೊಳಗೆ ಹೊಸ ತಂತ್ರಾಂಶ ಬಳಕೆಗೆ ಬಂತು. ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಬದಲಾದಾಗ, ಬಾಡಿಗೆ ವಾಹನಗಳ ಶೇಕಡಾ 12ರ ಆಯ್ಕೆ 18 ಆಯಿತು, ಶೇಕಡಾ 5 ಹಾಗೆಯೇ ಉಳಿಯಿತು. ಮಾಲೀಕರು ಬಳಸದ ಆ ಸಾಲಿನ ಕೊನೆಯ ದಿನಾಂಕವನ್ನು ತುಂಬಿ ಕೆಳಗೆ ಇನ್ನೊಂದು ಸಾಲು ಸೇರಿಸಿದ್ದಷ್ಟೇ ಕೆಲಸ. 2026ರ ಏಪ್ರಿಲ್ 1ರಿಂದ ಜಾರಿಗೆ ಬರಲಿದ್ದ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಂ ಸಂಖ್ಯೆಗಳು ಬದಲಾಗಲಿದ್ದುದರಿಂದ, ಕಡಿತದ ಪ್ರಮಾಣಪತ್ರಕ್ಕೆ ಬೇಕಾದ ಕಲಮಿನ ಹೆಸರನ್ನೂ ಅದೇ ರೀತಿ ದಿನಾಂಕವಿರುವ ಟೇಬಲ್ಲಿಗೆ ಸರಿಸಿದೆ.

ಇನ್ನೂ ನಾಲ್ಕು ಗ್ರಾಹಕರು ‘ತೀರ್ಮಾನವಾಗಿಲ್ಲ’ ಎಂಬ ಪಟ್ಟಿಯಲ್ಲೇ ಇದ್ದಾರೆ: ಎರಡು ಎಲ್‌ಎಲ್‌ಪಿಗಳು, ಒಂದು ಟ್ರಸ್ಟು, ಶಾಸನದ ಮೂಲಕ ಸ್ಥಾಪನೆಯಾದ ಒಂದು ಸಂಸ್ಥೆ. ಅವರ ಅವಧಿ ಬಾಡಿಗೆಯ ಬಿಲ್ಲನ್ನು ಮುದ್ರಿಸಲು ಹೋದರೆ ತಂತ್ರಾಂಶ ನಿರಾಕರಿಸಿ ಆಡಿಟರ್ ಹೆಸರನ್ನು ತೋರಿಸುತ್ತದೆ. ತಿಂಗಳ ಕೊನೆಯ ದಿನ ಮೇಡಂ ಅವರಿಂದ ಮೊದಲ ಫೋನು ಆಡಿಟರಿಗೆ ಹೋಗುತ್ತದೆ, ಅವರು ಎತ್ತದಿದ್ದರೆ ಎರಡನೆಯದು ನನಗೆ ಬರುತ್ತದೆ.